ಮನೆಗೂ ಕೊಟ್ಟಿಗೆಗೂ ಒಂದೇ ಬಾಯ್ಲರ್

ಕಳೆದ ತಿಂಗಳು ದುಬೈಯ ಕರಾಮದಲ್ಲಿ ಹಳೆಯ ಲಾಂಡ್ರಿಯೊಂದಕ್ಕೆ ಕಂಬಳಿ ಕೊಡಲು ಹೋಗಿದ್ದೆ. ಕೌಂಟರಿನ ಹಿಂದೆ ಒಬ್ಬ ಯಾರದೋ ಉಣ್ಣೆಯ ಕೋಟನ್ನು ಹಲಗೆಯ ಮೇಲೆ ಹಾಸಿ ಹಬೆಯ ಇಸ್ತ್ರಿ ಒತ್ತಿದ. ಹಬೆ ಉಣ್ಣೆಗೆ ತಾಗಿ ಎದ್ದ ವಾಸನೆ ನೇರ ನನ್ನ ಮುಖಕ್ಕೆ ಬಂತು. ಒದ್ದೆ ಕೂದಲು, ಕಾದ ಕಬ್ಬಿಣ, ಅದರ ಹಿಂದೆ ಎಲ್ಲಿಂದಲೋ ತುಸು ಡೀಸೆಲ್. ರಸೀದಿ ಕೈಯಲ್ಲಿ ಹಿಡಿದು ನಿಂತ ನನ್ನ ಕಿವಿಗಳು ಬಿಸಿಯಾದವು. ನಾಚಿಕೆಯಾದಾಗ ನನಗೆ ಮೊದಲು ಕಾಯುವುದು ಕಿವಿ. ಲಾಂಡ್ರಿಯವನ ಮುಂದೆ ನಾಚಿಕೆಪಡುವಂಥದ್ದೇನೂ ನಾನು ಮಾಡಿರಲಿಲ್ಲ. ಆದರೆ ಆ ವಾಸನೆಯೊಂದಿಗೆ ಒಂದು ಇಡೀ ಚಳಿಗಾಲ ಹೊರಗೆ ಬಂದು ನನ್ನ ಪಕ್ಕದಲ್ಲೇ ನಿಂತಂತಾಯಿತು.

ಈಗ ನಾನು ಅಲ್ ಬರ್ಷಾದ ಒಂದು ವಸತಿ ಕಟ್ಟಡದಲ್ಲಿ ನೀರು, ಪಂಪು, ಲಿಫ್ಟು ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ರುವೈಸ್‌ನಲ್ಲಿದ್ದೆ. ರಿಫೈನರಿಗೆ ಹಬೆ ಒದಗಿಸುವ ಬಾಯ್ಲರುಗಳ ಶಿಫ್ಟ್ ಸೂಪರ್‌ವೈಸರ್. ಮೂರು ಮಹಡಿ ಎತ್ತರದ ಬಾಯ್ಲರುಗಳು, ಗೋಡೆ ತುಂಬ ಪರದೆಗಳಿರುವ ಕಂಟ್ರೋಲ್ ರೂಮು, ಕೈಕೆಳಗೆ ಹುಡುಗರು. ಕಂಪನಿಯ ಮನೆ, ಮನೆಯೆದುರು ಒಂದು ಬೇವಿನ ಮರ. ನಾನು ಕಾಪು ಕಡೆಯವನು, ಹೆಂಡತಿ ಶಶಿಕಲಾ ಕುಮಟೆಯವಳು. ಅವಳಿಗೆ ತುಳು ಬಾರದ್ದರಿಂದ ಮನೆಯಲ್ಲಿ ಕನ್ನಡವೇ. ಮಗಳು ಅನಘಾ ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಅಲ್ಲೇ ದೊಡ್ಡವಳಾದಳು.

ನಾನು ಕೆಲಸಕ್ಕಿದ್ದ ಗುತ್ತಿಗೆ ಸಂಸ್ಥೆಗೆ ಮತ್ತೆ ಗುತ್ತಿಗೆ ಸಿಗಲಿಲ್ಲ. ಕೆಲಸ ಹೋಯಿತು, ಕೆಲಸದ ಜೊತೆ ಮನೆಯೂ. ಮಗಳು ಹತ್ತನೆಯ ಕ್ಲಾಸು. ಊರಿಗೆ ಹೋದರೆ ಅವಳ ವರ್ಷ ಹಾಳಾಗುತ್ತದೆಂದು ದುಬೈಗೆ ಬಂದೆವು. ಕರಾಮದಲ್ಲಿ ಶಶಿಕಲಾ ಒಂದು ಉಡುಪಿ ಹೋಟೆಲಿನ ಅಡುಗೆಮನೆಗೆ ಸೇರಿಕೊಂಡಳು. ಅವಳೂ ಮಗಳೂ ಹೆಂಗಸರಿಗೆ ಮಾತ್ರ ಕೊಡುವ ಫ್ಲ್ಯಾಟಿನಲ್ಲಿ ಒಬ್ಬ ಮಲಯಾಳಿ ನರ್ಸಿನ ಜೊತೆ ಕೋಣೆ ಹಂಚಿಕೊಂಡರು. ನಾನು ಎರಡು ಬೀದಿ ಆಚೆ, ಮಂಚವೊಂದನ್ನೇ ಬಾಡಿಗೆಗೆ ಕೊಡುವ ಬೆಡ್‌ಸ್ಪೇಸಿನಲ್ಲಿ, ಮೇಲಿನ ಮಂಚ. ಹಗಲೆಲ್ಲ ಫೋನಿನಲ್ಲಿ ಅರ್ಜಿ ಹಾಕುತ್ತಿದ್ದೆ. ಐವತ್ತು ದಾಟಿದವನ ಅರ್ಜಿಗೆ ಯಾರೂ ಬೇಡ ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತಾರೆ ಅಷ್ಟೆ.

ಒಂದು ಸಂಜೆ ಶಶಿಕಲಾ ಫೋನು ಮಾಡಿ, "ನಿಮಗೊಂದು ಕೆಲಸ ಉಂಟು. ಲಿವಾ ಕಡೆ. ಬಾಯ್ಲರ್ ನೋಡ್ಕೊಳ್ಳುದು," ಎಂದಳು.

"ಯಾವ ಪ್ಲಾಂಟು?"

"ಪ್ಲಾಂಟ್ ಅಲ್ಲ. ತೋಟ. ಆಡು ಸಾಕಿದ್ದಾರೆ."

ಹೋಟೆಲಿಗೆ ದಿನಾ ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಭಟ್ಕಳದ ವ್ಯಾಪಾರಿಯೊಬ್ಬರು, ಯಾಸೀನ್ ಸಾಹೇಬರು. ಬಟ್ಟೆಯ ಅಂಗಡಿಗಳಿದ್ದವು, ಜೊತೆಗೆ ಯೂನಿಫಾರಂ ಹೊಲಿಸಿಕೊಡುವ ವ್ಯವಹಾರ. ಆಸೆಗೆಂದು ಲಿವಾ ಹತ್ತಿರ ತೋಟವೊಂದನ್ನು ಲೀಸಿಗೆ ಹಿಡಿದು ಹಾಲಿನ ಆಡು ಸಾಕಿದ್ದರು. ಚಳಿಗಾಲಕ್ಕೆ ಬಾಯ್ಲರು ಬಲ್ಲವರೊಬ್ಬರು ಬೇಕಾಗಿದ್ದರು. ತಿಂಡಿಯ ತಟ್ಟೆ ಹೊರಗೆ ಕೊಡುವ ಕಿಟಕಿಯಿಂದ ಶಶಿಕಲಾ ಅದನ್ನು ಕೇಳಿಸಿಕೊಂಡು, ನಮ್ಮವರಿದ್ದಾರೆ, ಬಾಯ್ಲರ್ ನೋಡ್ತಾರೆ ಎಂದಿದ್ದಳು. ಅಷ್ಟೇ ಹೇಳಿದ್ದಳು. ಸೂಪರ್‌ವೈಸರ್ ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಕಿಟಕಿಯಲ್ಲಿ ಕೇಳಿ ಪಡೆದ ಕೆಲಸ ಎನ್ನುವುದು ನನಗೆ ಮೊದಲು ಚುಚ್ಚಿತು, ಈ ಅರೆಪರಿಚಯ ಆಮೇಲೆ. ಆದರೂ ಬಟ್ಟೆ ತುಂಬಿಕೊಂಡು ಹೊರಟೆ.

ಲಿವಾದ ಮರಳು ರುವೈಸ್‌ನ ಮರಳಿನಂತಲ್ಲ. ಕೆಂಪು, ಮನೆಯಷ್ಟೆತ್ತರದ ದಿಬ್ಬಗಳು. ಅವುಗಳ ನಡುವಿನ ತಗ್ಗಿನಲ್ಲಿ ಖರ್ಜೂರದ ಮರಗಳ ಒಂದು ಚೌಕ, ಒಂದು ಹಳೆಯ ಮನೆ, ಅದರಿಂದ ಕೂಗಳತೆಯಲ್ಲಿ ಉದ್ದನೆಯ ಕೊಟ್ಟಿಗೆ. ಎರಡರ ಮಧ್ಯೆ ಸಿಮೆಂಟಿನ ಇಟ್ಟಿಗೆಯ ಸಣ್ಣ ಕೋಣೆ. ಬಾಯ್ಲರು ಇದ್ದದ್ದು ಅದರೊಳಗೆ. ಹಿಂದೆ ಆ ತೋಟ ಇಟ್ಟುಕೊಂಡಿದ್ದವರು ಕುದುರೆಯ ಹುಚ್ಚಿನವರಂತೆ. ಚಳಿಗಾಲದಲ್ಲಿ ತಮಗೂ ಕುದುರೆಗಳಿಗೂ ಬೆಚ್ಚಗಿರಲೆಂದು ಒಂದೇ ಡೀಸೆಲ್ ಬಾಯ್ಲರಿನಿಂದ ಎರಡು ಕಡೆಗೂ ಬಿಸಿನೀರಿನ ಪೈಪು ಎಳೆಸಿದ್ದರು. ಒಂದು ಸಾಲು ಮನೆಗೆ ಹೋಗಿ ಕೋಣೆಗಳ ಗೋಡೆಯ ಕಬ್ಬಿಣದ ಹೀಟರುಗಳಲ್ಲಿ ಸುತ್ತಿ ಬರುತ್ತಿತ್ತು. ಇನ್ನೊಂದು ಕೊಟ್ಟಿಗೆಯ ನೆಲದಡಿ ಹಾದು ಬರುತ್ತಿತ್ತು. ಒಂದೊಂದು ಸಾಲಿಗೂ ನೀರು ತಳ್ಳಲು ಒಂದೊಂದು ಪಂಪು. ಕುದುರೆಗಳು ಹೋಗಿ ಆಡುಗಳು ಬಂದಿದ್ದವು, ಪೈಪು ಅದೇ.

ನಾನು ಮೊದಲ ದಿನ ಆ ಬಾಯ್ಲರನ್ನು ನೋಡಿ ಬಾಗಿಲಲ್ಲೇ ನಿಂತೆ. ಬಟ್ಟೆಯ ಬೀರುವಿನಷ್ಟಿತ್ತು. ರುವೈಸ್‌ನಲ್ಲಿ ಅಷ್ಟು ಗಾತ್ರದ್ದನ್ನು ನಾವು ಬಾಯ್ಲರ್ ಎಂದು ಕರೆಯುತ್ತಲೇ ಇರಲಿಲ್ಲ.

ಆಡುಗಳನ್ನು ನೋಡಿಕೊಳ್ಳುತ್ತಿದ್ದವನು ನೂರ್ ಖಾನ್, ಪೇಶಾವರದ ಆಚೆಯ ಪಠಾಣ, ನನ್ನದೇ ವಯಸ್ಸು. ಮಾತು ಕಡಿಮೆ. ನಾನು ಬಂದ ದಿನ ಬಾಯ್ಲರ್ ಕೋಣೆಯ ಪಕ್ಕದ ಕೋಣೆಯನ್ನು ಗುಡಿಸಿ ಇಟ್ಟಿದ್ದ. ನಾವಿಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದೆವು. ಅವನಿಗೆ ನನ್ನ ಸಾರು ಸೇರುತ್ತಿರಲಿಲ್ಲ, ನನಗೆ ಅವನ ರೊಟ್ಟಿ ಇಲ್ಲದೆ ಆಗುತ್ತಿರಲಿಲ್ಲ.

ಮರುಭೂಮಿಯ ಚಳಿ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ದಿಬ್ಬಗಳ ನಡುವೆ ಮಂಜು ಹಾಲಿನಂತೆ ತುಂಬಿಕೊಳ್ಳುತ್ತಿತ್ತು. ಖರ್ಜೂರದ ಗರಿಗಳಿಂದ ತೊಟ್ಟಿಕ್ಕುವ ನೀರಿನ ಸದ್ದು. ಕಬ್ಬಿಣ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ದೊಡ್ಡ ಆಡುಗಳಿಗೆ ಅದೇನೂ ದೊಡ್ಡದಲ್ಲ. ಆಗಷ್ಟೇ ಹುಟ್ಟಿದ ಮರಿ ಒದ್ದೆಯಿರುವಾಗ ಆ ಗಾಳಿಗೆ ಸಿಕ್ಕರೆ ಮಾತ್ರ ಏಳುವುದಿಲ್ಲ. ಅವು ಹುಟ್ಟುವುದೂ ಅದೇ ತಿಂಗಳುಗಳಲ್ಲಿ. ನೆಲ ಬೆಚ್ಚಗಿದ್ದ ಮೂಲೆಯಲ್ಲಿ ತಾಯಂದಿರು ತಾವಾಗಿಯೇ ಹೋಗಿ ಮಲಗುತ್ತಿದ್ದವು. ಪೈಪು ಎಲ್ಲಿ ಹೋಗಿದೆಯೆಂದು ನಕ್ಷೆಯಿಲ್ಲದೆ ಹೇಳಬಹುದಾಗಿತ್ತು; ಆಡುಗಳು ಮಲಗಿದ ಗೆರೆ ನೋಡಿದರಾಯಿತು.

ಕೆಲಸ ಕಷ್ಟದ್ದಲ್ಲ, ನನಗೆ ಅದರ ಬಗ್ಗೆ ಅಕ್ಕರೆಯೂ ಹುಟ್ಟಿತು. ನಾಚಿಕೆ ಮಾತ್ರ ಹೋಗಲಿಲ್ಲ. ಅಣ್ಣ ಊರಿಂದ ಫೋನು ಮಾಡಿ ಎಲ್ಲಿದ್ದೀ ಎಂದರೆ, ಬಾಯ್ಲರ್ ಹತ್ತಿರ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಅಷ್ಟರಲ್ಲಿ ಹಿಂದಿನಿಂದ ಆಡು ಕೂಗಿದರೆ ಫೋನಿಗೆ ಕೈ ಅಡ್ಡ ಹಿಡಿಯುತ್ತಿದ್ದೆ.

ಜನವರಿಯ ಮೊದಲಿಗೆ ಶಶಿಕಲಾ ಮತ್ತು ಅನಘಾ ಬಸ್ಸು ಹಿಡಿದು ಬಂದರು. ಮಗಳು ಕೊಟ್ಟಿಗೆಗೆ ಹೋದವಳು ಹೊರಗೆ ಬರಲೇ ಇಲ್ಲ. ಬೂಟು ಬಿಚ್ಚಿ, ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ, ಮರಿಯೊಂದನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು.

"ಅಪ್ಪಾ, ಇಟ್ಸ್ ಸೋ ವಾರ್ಮ್! ನೀನು ಮಾಡಿದ್ದಾ ಇದು?"

"ನಾನಲ್ಲ. ಬಾಯ್ಲರು."

"ಸೇಮ್ ಥಿಂಗ್," ಎಂದಳು. ಆಮೇಲೆ ಮುಗ್ಧವಾಗಿಯೇ ಕೇಳಿದಳು, "ವೇರ್ ಈಸ್ ಯುವರ್ ಆಫೀಸ್?"

ನಾನು ಇಟ್ಟಿಗೆಯ ಕೋಣೆ ತೋರಿಸಿದೆ. ಅವಳು ಅದರ ಕಡೆ ನೋಡಿ ಮತ್ತೆ ಮರಿಯ ಕಿವಿ ಸವರಿದಳು. ಶಶಿಕಲಾ ನನ್ನ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕುತ್ತಿದ್ದಳು. ಹೋಟೆಲಿನಲ್ಲಿ ವಾರವಿಡೀ ದುಡಿದವಳು ರಜೆಯ ದಿನವೂ ಪಾತ್ರೆ ತಿಕ್ಕುವುದನ್ನು ನೋಡಲಾರದೆ ನಾನು ಬಾಯ್ಲರ್ ಕೋಣೆಗೆ ಹೋಗಿ, ಬೇಕಿಲ್ಲದಿದ್ದರೂ ಒಂದು ವಾಲ್ವಿನ ನಟ್ಟು ಬಿಗಿಮಾಡಿದೆ.

ಆ ಚಳಿಗಾಲ ತಿರುಗಿದ್ದು ಮಳೆಯ ದಿನ.

ಯಾಸೀನ್ ಸಾಹೇಬರು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿದ್ದರು. "ಭಾಸ್ಕರಣ್ಣ, ನಾಳೆ ಗೆಸ್ಟ್ ಬರ್ತಾರೆ. ಕಂಪನಿಯ ಜನ, ನಮ್ಮ ಯೂನಿಫಾರಂ ಕಾಂಟ್ರಾಕ್ಟ್ ಅವರ ಕೈಲಿ ಉಂಟು. ಅಮ್ಮನೂ ಬರ್ತಾರೆ. ಅಮ್ಮನಿಗೆ ಎದೆಕಟ್ಟು, ಮನೆ ಸ್ವಲ್ಪ ಬೆಚ್ಚಗಿಡಿ ಮಾರಾಯ್ರೆ." ಅವರು ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದರು, ವಯಸ್ಸಿಗೆ ಮರ್ಯಾದೆ ಕೊಟ್ಟು. ಯಾವ ಕಂಪನಿಯೆಂದು ನಾನು ಕೇಳಲಿಲ್ಲ.

ಬೆಳಗಿನಿಂದ ಮೋಡ. ಮಧ್ಯಾಹ್ನ ಮಳೆ ಸುರಿಯತೊಡಗಿತು. ಆ ಊರಿನ ಕಟ್ಟಡಗಳಿಗೆ ಮಳೆಯೆಂದರೆ ಏನೆಂದೇ ಗೊತ್ತಿಲ್ಲ. ಬಾಯ್ಲರ್ ಕೋಣೆಯ ಮಾಡಿನ ಬಿರುಕಿನಿಂದ ನೀರು ಇಳಿದು ಮನೆಯ ಸಾಲಿನ ಪಂಪಿನ ಮೋಟಾರಿಗೆ ಸೇರಿತು. ನಾನು ತಗಡು ತಂದು ಮುಚ್ಚುವಷ್ಟರಲ್ಲಿ ಚಟಚಟ ಸದ್ದು, ಸುಟ್ಟ ವಾರ್ನಿಷಿನ ಹೊಗೆ. ಮೋಟಾರು ಸತ್ತಿತು. ಉಳಿದದ್ದು ಕೊಟ್ಟಿಗೆಯ ಪಂಪು. ಪೈಪುಗಳನ್ನು ತಿರುಗಿಸಿ ಅದರಿಂದಲೇ ಮನೆಗೂ ನೀರು ಕಳಿಸಬಹುದಿತ್ತು, ಆದರೆ ಒಮ್ಮೆಗೆ ಒಂದೇ ಕಡೆಗೆ. ಎರಡನ್ನೂ ತಳ್ಳುವ ತಾಕತ್ತು ಅದಕ್ಕಿರಲಿಲ್ಲ. ಬೇರೆ ಮೋಟಾರು ತರೋಣವೆಂದರೆ ರಸ್ತೆಯ ಮೇಲೆ ಕೆರೆಯಂತೆ ನೀರು ನಿಂತಿದೆಯೆಂದು ನೂರ್ ಖಾನ್ ನೋಡಿ ಬಂದು ಹೇಳಿದ.

ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಆಡುಗಳು ಒಂದರ ಹಿಂದೆ ಒಂದು ಮರಿ ಹಾಕತೊಡಗಿದವು. ಮಳೆಯ ಥಂಡಿಯೇ ಅವನ್ನು ಹೊರಡಿಸಿತೋ ಏನೋ. ಗಾಳಿ ಗೋಡೆಯ ಸಂದಿಯಿಂದ ಸಿಳ್ಳೆ ಹಾಕುತ್ತಿತ್ತು.

"ಭಾಯಿ ಸಾಬ್, ಇಧರ್ ಗರಂ ಖಲಾಸ್ ತೋ ಬಚ್ಚಾ ಭೀ ಖಲಾಸ್," ಎಂದ ನೂರ್ ಖಾನ್. ಇಲ್ಲಿ ಬಿಸಿ ಮುಗಿದರೆ ಮರಿಗಳೂ ಮುಗಿದವು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಬಿಸಿಯನ್ನು ಕೊಟ್ಟಿಗೆಗೇ ಬಿಟ್ಟು, ಸಾಹೇಬರು ಬಂದೊಡನೆ ಹೋಗಿ ಹೇಳೋಣವೆಂದುಕೊಂಡೆ.

ಎರಡು ದೊಡ್ಡ ಗಾಡಿಗಳು ನೀರು ಚಿಮ್ಮಿಸುತ್ತ ಬಂದವು. ಮೊದಲನೆಯದರಿಂದ ಸಾಹೇಬರೂ ಅವರ ತಾಯಿಯೂ ಇಳಿದರು. ಎರಡನೆಯದರಿಂದ ಕಂಪನಿಯವರು. ಅವರಲ್ಲಿ ಕೊನೆಗೆ ಇಳಿದವನನ್ನು ನಡಿಗೆಯಿಂದಲೇ ಗುರುತಿಸಿದೆ. ರೋಶನ್. ರುವೈಸ್‌ಗೆ ಟ್ರೈನಿಯಾಗಿ ಬಂದು ನನ್ನ ಶಿಫ್ಟಿನಲ್ಲಿ ಕೆಲಸ ಕಲಿತ ಮಂಗಳೂರಿನ ಹುಡುಗ. ಆಗ ಮನೆಯ ನೆನಪಿಗೆ ಅಳುತ್ತಿದ್ದವನನ್ನು ರಜೆಯ ದಿನ ಕರೆದು ಶಶಿಕಲಾ ಮೀನು ಸಾರು ಬಡಿಸುತ್ತಿದ್ದಳು. ಈಗ ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಬೂಟು. ರುವೈಸ್‌ನಲ್ಲೇ ಹೊಸ ಗುತ್ತಿಗೆಯವರನ್ನು ಸೇರಿ ಅವನು ವಿಭಾಗದ ಮುಖ್ಯಸ್ಥನಾಗಿದ್ದಾನೆಂದು ಯಾರೋ ಹೇಳಿದ್ದರು.

ನಾನು ಲುಂಗಿ ಎತ್ತಿ ಕಟ್ಟಿದ್ದೆ, ತಲೆಗೆ ಮಫ್ಲರು, ಮೈಯೆಲ್ಲ ಮಸಿ. ಮನೆಯ ಕಡೆ ಇಟ್ಟ ಹೆಜ್ಜೆ ಹಿಂದೆ ತೆಗೆದೆ. "ನೀನೇ ಹೋಗಿ ಹೇಳು," ಎಂದು ನೂರ್ ಖಾನನನ್ನು ಕಳಿಸಿ ಬಾಯ್ಲರ್ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡೆ. ಹುಟ್ಟಿದ್ದ ಒಂದು ಮರಿ ತೀರ ಬಡಕಲಾಗಿತ್ತು, ಅದನ್ನು ನನ್ನ ಹಳೆಯ ಜಾಕೆಟ್ಟಿನಲ್ಲಿ ಸುತ್ತಿ ಬಾಯ್ಲರಿನ ಪಕ್ಕ ಕೂತು ಉಜ್ಜುತ್ತಿದ್ದೆ.

ನೂರ್ ಖಾನ್ ಏನು ಹೇಳಿದನೋ, ಅವರಿಗೆ ಏನು ಅರ್ಥವಾಯಿತೋ. ಸ್ವಲ್ಪ ಹೊತ್ತಿಗೆ ಯಾಸೀನ್ ಸಾಹೇಬರೇ ಕೊಡೆ ಹಿಡಿದು ಬಂದರು. ಜೊತೆಗೆ ರೋಶನ್. "ಇವರಿಗೆ ಬಾಯ್ಲರ್ ವಿಷಯ ಗೊತ್ತುಂಟಂತೆ ಭಾಸ್ಕರಣ್ಣ, ಒಂದು ಸಲ ನೋಡ್ತಾರೆ," ಎಂದರು.

ರೋಶನ್ ಒಳಗೆ ಬಗ್ಗಿ ನೋಡಿದ. ಮೊದಲು ಬಾಯ್ಲರನ್ನು, ಆಮೇಲೆ ನನ್ನನ್ನು.

"ಸರ್?"

ನಾನು ಏಳಲು ಹೋದೆ. ಮಡಿಲಲ್ಲಿ ಮರಿಯಿದ್ದುದರಿಂದ ಸರಿಯಾಗಿ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

"ಸರ್, ಈರ್ ಮುಲ್ಪ?" ನೀವು ಇಲ್ಲಿ? ಅವನು ತುಳುವಿಗೆ ಇಳಿದದ್ದು ಇನ್ನೂ ಕಷ್ಟವಾಯಿತು.

"ಹೂಂ ಮಾರಾಯ. ಇಲ್ಲೇ," ಎಂದೆ.

ಅವನು ಸಾಹೇಬರ ಕಡೆ ತಿರುಗಿದ. "ನೀವು ಎಂಥ ಜನ ಇಟ್ಕೊಂಡಿದ್ದೀರಿ ಗೊತ್ತುಂಟಾ ನಿಮಗೆ? ನನಗೆ ಕೆಲಸ ಕಲಿಸಿದ್ದು ಇವರು. ರುವೈಸ್‌ನಲ್ಲಿ ಇಡೀ ಪ್ಲಾಂಟಿಗೆ ಸ್ಟೀಮ್ ಕೊಡ್ತಿದ್ದದ್ದು ಇವರು." ಅವನು ನನ್ನನ್ನು ಹೊಗಳುತ್ತ ಹೋದ, ನಾನು ಅದನ್ನು ಬೈಗುಳದಂತೆ ಕೇಳುತ್ತ ನಿಂತೆ. ಯಾಸೀನ್ ಸಾಹೇಬರ ಮುಖ ಬದಲಾಯಿತು. ಅವರ ಬಾಯಲ್ಲಿ ಅಣ್ಣ ಹೋಗಿ, "ಸರ್, ನನಗೆ ಗೊತ್ತಿರ್ಲಿಲ್ಲ," ಎಂದು ಬಂತು. ಅಷ್ಟು ದಿನ ಅಣ್ಣನಾಗಿ ನಿಂತಿದ್ದ ನೆಲವೂ ಜಾರಿದಂತಾಯಿತು.

"ಶಶಿಯಕ್ಕ ಎಲ್ಲಿದ್ದಾರೆ ಸರ್?" ರೋಶನ್ ಕೇಳಿದ.

"ದುಬೈಯಲ್ಲಿ. ಹೋಟೆಲಿನಲ್ಲಿ ಕೆಲಸ."

"ಹೌದಾ? ಯಾವುದು, ಫ್ರಂಟ್ ಆಫೀಸಾ?"

ನಾನು ಮರಿಯನ್ನು ಮತ್ತೆ ಉಜ್ಜತೊಡಗಿದೆ. ದಿನಾ ಅವಳ ಕೈಯ ದೋಸೆ ತಿನ್ನುತ್ತಿದ್ದ ಮನುಷ್ಯ ಎದುರಿಗೇ ಕೊಡೆ ಹಿಡಿದು ನಿಂತಿದ್ದರು. ಅವರು ನನ್ನನ್ನೊಮ್ಮೆ ನೋಡಿ, ಶಾಂತವಾಗಿ, "ಅವರಿಲ್ಲದಿದ್ರೆ ಆ ಹೋಟೆಲೇ ನಡಿಯುದಿಲ್ಲ," ಎಂದರು.

ನಾನು ಹೇಳಬೇಕಾಗಿದ್ದ ಮಾತು. ಅದನ್ನು ಹೊರಗಿನವರು ಹೇಳಿ ನನ್ನನ್ನು ಉಳಿಸಿದರು. ಕಿವಿ ಎಷ್ಟು ಕಾದಿತ್ತೆಂದರೆ, ಆ ಥಂಡಿಯಲ್ಲಿ ಮಫ್ಲರು ಬಿಚ್ಚಿಬಿಡಬೇಕೆನಿಸಿತು.

ಪಂಪಿನ ವಿಷಯ ಹೇಳಿದೆ. ಬಿಸಿ ಒಂದೇ ಕಡೆಗೆ, ಈಗ ಕೊಟ್ಟಿಗೆಯಲ್ಲಿ ಬೇಕು, ಮರಿಗಳು ಒಣಗಿ ಹಾಲು ಕುಡಿದ ಮೇಲೆ ಮನೆಗೆ ತಿರುಗಿಸುತ್ತೇನೆ ಎಂದೆ. ಸಾಹೇಬರು ಇಕ್ಕಟ್ಟಿಗೆ ಸಿಕ್ಕರು. ಮನೆಯಲ್ಲಿ ಅತಿಥಿಗಳು ಕೋಟು ಹಾಕಿಕೊಂಡೇ ಕೂತಿದ್ದರು. ತಾಯಿಗೆ ಕೆಮ್ಮು ಹತ್ತಿತ್ತು. ಅವರೇನಾದರೂ ಮನೆಗೆ ತಿರುಗಿಸಿ ಎಂದಿದ್ದರೆ ನಾನು ತಿರುಗಿಸುತ್ತಿದ್ದೆನೋ ಏನೋ. ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮನೆಯ ಬಾಗಿಲಿಂದ ಅವರ ತಾಯಿಯ ಧ್ವನಿ ಬಂತು.

"ಎಂತಾಯ್ತು ಹಂಡೆಗೆ?" ಬಾಯ್ಲರನ್ನು ಅವರು ಹಂಡೆ ಎಂದೇ ಕರೆಯುತ್ತಿದ್ದರು. ಸಾಹೇಬರು ಕೂಗಿ ವಿಷಯ ತಿಳಿಸಿದರು. ಅಮ್ಮ ಕಪ್ಪು ಬುರ್ಖಾದ ಮೇಲೆ ದಪ್ಪ ಶಾಲು ಎಳೆದುಕೊಂಡು ಮಳೆಯಲ್ಲೇ ಹೊರಟೇಬಿಟ್ಟರು.

"ಅಮ್ಮಾ, ಅಲ್ಲಿ ಆಡು, ವಾಸನೆ. ಗೆಸ್ಟ್ ಎಲ್ಲ ಇದ್ದಾರೆ, ಮರ್ಯಾದೆ..."

"ಬೆಚ್ಚಗಿನ ಜಾಗ ಬಿಟ್ಟು ಥಂಡಿಯಲ್ಲಿ ಕೂತು ಮರ್ಯಾದೆ ಉಳಿಸ್ಕೊಳ್ಳುದಾ? ಅವರನ್ನೂ ಕರಿ. ಬಿರಿಯಾನಿ ಪಾತ್ರೆಯೂ ಇಲ್ಲಿಗೇ ಬರ್ಲಿ."

ಹಾಗೆ ಕಂಪನಿಯವರು, ಸಾಹೇಬರು, ನೂರ್ ಖಾನ್, ನಾನು, ಎಲ್ಲರೂ ಆ ಸಂಜೆ ಕೊಟ್ಟಿಗೆಯಲ್ಲಿ ಕೂತೆವು. ಹುಲ್ಲಿನ ಕಟ್ಟುಗಳೇ ಕುರ್ಚಿ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಕಾಲಡಿಯ ನೆಲ ಬೆಚ್ಚಗಿತ್ತು. ಅತಿಥಿಗಳು ಮೊದಲು ಪ್ಯಾಂಟು ಎತ್ತಿ ಹಿಡಿದು ಕೂತವರು ಆಮೇಲೆ ಬೂಟು ಬಿಚ್ಚಿದರು. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಮರಿ ಬಂದು ಕೂತಿತು. ಅಮ್ಮ ನನ್ನ ಜಾಕೆಟ್ಟಿನ ಬಡಕಲು ಮರಿಯನ್ನು ಇಸಿದುಕೊಂಡು, ಬೆರಳು ಚೀಪಿಸುತ್ತ, "ಇದು ಬದುಕ್ತದೆ," ಎಂದರು. ಅದು ಬದುಕಿತು. ಅಂಥ ಸಂಜೆ ಜೀವನದಲ್ಲಿ ಎಷ್ಟು ಸಲ ಬರುತ್ತದೆ? ಎಲ್ಲರೂ ನಗುತ್ತಿದ್ದರು. ರೋಶನ್ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಬಂದು ಕೂತ. ನಾನು ಪೈಪು ನೋಡಿ ಬರುತ್ತೇನೆಂದು ಎದ್ದೆ. ಮತ್ತೆ ಬಂದೆ, ಮತ್ತೆ ಎದ್ದೆ.

ಮರಿಗಳೆಲ್ಲ ಒಣಗಿ ತಾಯಿಯ ಕೆಚ್ಚಲು ಹಿಡಿದ ಮೇಲೆ ಪೈಪು ತಿರುಗಿಸಿ ಮನೆಗೆ ಬಿಸಿ ಬಿಟ್ಟೆ.

ಮರುದಿನ ಬಿಸಿಲು. ಹೊರಡುವ ಮೊದಲು ರೋಶನ್ ನನ್ನನ್ನು ಖರ್ಜೂರದ ಮರಗಳ ಕಡೆ ಕರೆದುಕೊಂಡು ಹೋದ. ಬಹಳ ಹೊತ್ತು ಬೂಟಿನ ತುದಿಯಿಂದ ಒದ್ದೆ ಮರಳು ಕೆದಕಿದ.

"ಸರ್, ನನ್ನ ಸೆಕ್ಷನಿನಲ್ಲಿ ಒಂದು ಜಾಗ ಉಂಟು. ಟೆಕ್ನಿಷಿಯನ್. ನಿಮಗೆ ಕೇಳ್ಲಿಕ್ಕೆ ನನಗೇ ನಾಚಿಕೆ ಆಗ್ತದೆ. ಆದ್ರೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಗ್ತದೆ."

"ನೋಡ್ತೇನೆ," ಎಂದೆ.

"ಬೇಗ ಹೇಳಿ ಸರ್. ಜಾಸ್ತಿ ದಿನ ಹಿಡಿದಿಡ್ಲಿಕ್ಕೆ ಆಗುದಿಲ್ಲ."

ನಾನು ಹೇಳಲಿಲ್ಲ. ಬೆಳಿಗ್ಗೆ ಫೋನು ಎತ್ತಿಕೊಳ್ಳುತ್ತಿದ್ದೆ, ಅವನ ಹೆಸರು ತೆಗೆಯುತ್ತಿದ್ದೆ. ನಾನು ಕಲಿಸಿದ ಹುಡುಗನ ಮುಂದೆ ಹೆಲ್ಮೆಟ್ ಹಿಡಿದು, ಸರ್ ಇವತ್ತು ಎಂತ ಕೆಲಸ ಎಂದು ಕೇಳುವ ನನ್ನನ್ನು ಕಣ್ಣಮುಂದೆ ತಂದುಕೊಂಡು ಫೋನು ಕೆಳಗಿಡುತ್ತಿದ್ದೆ. ಶಶಿಕಲಾಗೆ ವಿಷಯ ತಿಳಿಸುವುದನ್ನೂ ದಿನದಿಂದ ದಿನಕ್ಕೆ ಮುಂದೆ ಹಾಕಿದೆ. ಕೊನೆಗೆ ಅವಳಿಗೆ ಗೊತ್ತಾದದ್ದು ಯಾಸೀನ್ ಸಾಹೇಬರಿಂದ. ತಿಂಡಿ ತಿನ್ನುತ್ತ, ಭಾಸ್ಕರ್ ಸರ್ ರುವೈಸ್‌ಗೆ ಯಾವಾಗ ಹೋಗ್ತಾರೆ ಎಂದು ಕೇಳಿದರಂತೆ.

ಅವಳ ಫೋನು ಮಧ್ಯಾಹ್ನ ಬಂತು. "ಹೌದಾ?" ಎಂದಳು. ಹೌದು ಎಂದೆ. ಯಾಕೆ ಹೇಳಲಿಲ್ಲ ಎಂದಳು.

"ರೋಶನ್‌ನ ಕೈಕೆಳಗೆ ಹೇಗೆ ಕೆಲಸ ಮಾಡುದು ಶಶಿ? ನಾಚಿಕೆ ಆಗ್ತದೆ."

ಆ ಕಡೆ ಪಾತ್ರೆಗಳ ಸದ್ದು, ಯಾರೋ ಎರಡು ಸೆಟ್ ದೋಸೆ ಎಂದು ಕೂಗಿದ್ದು ಕೇಳಿಸಿತು. ಅವಳು ಗಲಾಟೆಯಿಂದ ಹೊರಗೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ನಾನು ಕಿಟಕಿಯಲ್ಲಿ ನಿಂತು ನಿಮಗೆ ಕೆಲಸ ಕೇಳಿದೆ ಅಲ್ವಾ," ಎಂದಳು. "ಆಗ ನನಗೆ ನಾಚಿಕೆ ಆಗ್ಲಿಲ್ಲ ಅಂದ್ಕೊಂಡ್ರಾ?"

ಅದು ಬೈಗುಳವಾಗಿರಲಿಲ್ಲ. ಅವಳು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ನಾನು ಅಷ್ಟು ದಿನವೂ ಆ ಕಿಟಕಿಯನ್ನು ನನ್ನ ಕಡೆಯಿಂದ ಮಾತ್ರ ನೋಡಿದ್ದೆ.

ಸಿಗ್ನಲ್ ಚೆನ್ನಾಗಿ ಸಿಗುವುದು ದಿಬ್ಬದ ಮೇಲೆ. ಒದ್ದೆಯಾಗಿ ಗಟ್ಟಿಯಾಗಿದ್ದ ಮರಳನ್ನು ಹತ್ತಿ ರೋಶನ್‌ಗೆ ಫೋನು ಮಾಡಿದೆ. ಕಾಲೇಜು ಮುಗಿಸಿದಂದಿನಿಂದ ನಾನು ಅರ್ಜಿ ಹಾಕಿದ್ದೇನೆ, ಸಂದರ್ಶನಕ್ಕೆ ಹೋಗಿದ್ದೇನೆ, ಆದರೆ ಒಬ್ಬ ಮನುಷ್ಯನನ್ನು ಬಾಯಿಬಿಟ್ಟು ಕೆಲಸ ಕೊಡು ಎಂದು ಕೇಳಿದ್ದು ಅದೇ ಮೊದಲು. ತುಳುವಿನಲ್ಲೇ ಕೇಳಿದೆ.

"ಸರ್, ಅದು ಹೋಯ್ತು. ಮೇಲಿನವರು ಬೇರೆಯವರನ್ನು ಹಾಕಿದ್ರು. ನಾನು ನಿಮ್ಮ ಫೋನಿಗೆ ಕಾದೆ ಸರ್."

ಪರವಾಗಿಲ್ಲ ಎಂದೆ. ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದೆ. ಕೇಳಿದೆ, ಸಿಗಲಿಲ್ಲ ಎಂದೆ. ಅವಳು, "ಕೇಳಿದ್ರಲ್ಲ," ಎಂದಳು. ಆಮೇಲೆ ಊಟ ಆಯ್ತಾ ಎಂದಳು.

ಮಾರ್ಚಿನಲ್ಲಿ ಸೆಖೆ ಬಂತು. ಮರಿಗಳು ಕೊಟ್ಟಿಗೆ ಬಿಟ್ಟು ಹೊರಗೆ ದಿಬ್ಬ ಹತ್ತಿ ಇಳಿದು ಆಡತೊಡಗಿದವು. ಬಾಯ್ಲರು ಆರಿಸಿ, ನೀರು ಬಸಿದು, ವಾಲ್ವುಗಳಿಗೆ ಎಣ್ಣೆ ಹಚ್ಚಿಟ್ಟೆ. ಬೇಸಿಗೆಯಲ್ಲಿ ನನಗೆ ಅಲ್ಲಿ ಕೆಲಸವಿಲ್ಲ. ವೀಸಾ ಇರಲಿ, ಬೇರೆ ಸಿಗುವ ತನಕ ಎಂದರು ಯಾಸೀನ್ ಸಾಹೇಬರು. ನೂರ್ ಖಾನ್ ರೊಟ್ಟಿ ಕಟ್ಟಿಕೊಟ್ಟು, ನನ್ನ ಎರಡೂ ಕೈ ಹಿಡಿದು, ಯಲ್ಲಾ, ಹೊರಡು ಇನ್ನು, ಎಂದಷ್ಟೇ ಹೇಳಿದ.

ಕರಾಮಕ್ಕೆ ಬಂದಿಳಿದಾಗ ಮಧ್ಯಾಹ್ನ. ಶಶಿಕಲಾ ಹೋಟೆಲಿನ ಬಿಡುವಿನ ಹೊತ್ತಿನಲ್ಲಿ ಪಾರ್ಕಿಗೆ ಬಂದಳು. ಬೇವಿನ ನೆರಳಿನ ಬೆಂಚು. ಅವಳ ಬೆರಳುಗಳಲ್ಲಿ ಕಾವಲಿಯ ಸುಟ್ಟ ಗೆರೆಗಳು. ನಾನು ಕೇಳಿದ್ದಕ್ಕೆ, ಕಿಟಕಿಯ ಆ ದಿನದ ಕಥೆ ಹೇಳಿದಳು, ನಗುತ್ತಲೇ.

"ಅವರು ಫೋನಿನಲ್ಲಿ ಹಿಂದಿ ಮಾತಾಡ್ತಿದ್ರು ಅಲ್ವಾ, ನಾನು ಹಿಂದಿಯಲ್ಲಿ ಒಂದು ವಾಕ್ಯ ಕಟ್ಟಿಟ್ಟೆ. ಮನೆಗೆ ಹೋಗಿ ಅನಘಾ ಹತ್ರ ತಿದ್ದಿಸ್ಕೊಂಡೆ, ಯಾಕೆ ಅಂತ ಹೇಳ್ಲಿಲ್ಲ. ಮಾರನೇ ದಿನ ಹೇಳಿದ್ರೆ, ಅವರು ನನ್ನ ಹಿಂದಿ ಕೇಳಿ, ನೀವು ಕುಮಟೆ ಕಡೆಯವ್ರಾ ಅಂತ ಕನ್ನಡದಲ್ಲಿ ಕೇಳಿದ್ರು! ಕಟ್ಟಿಟ್ಟ ಹಿಂದಿ ಎಲ್ಲ ದಂಡ."

"ಆಮೇಲೆ?"

"ಆಮೇಲೆ ಎಂತ. ಗಿರಾಕಿಗಳ ಹತ್ರ ಮಾತಾಡ್ಬಾರ್ದು ಅಂತ ಮ್ಯಾನೇಜರ್ ಬೈದ. ಹಿಂದೆ ಹೋಗಿ ಸ್ವಲ್ಪ ಅತ್ತೆ. ಈರುಳ್ಳಿ ಹೆಚ್ಚುವ ಜಾಗ ಅದು, ಯಾರಿಗೂ ಗೊತ್ತಾಗ್ಲಿಲ್ಲ."

"ಸೂಪರ್‌ವೈಸರ್ ಅಂತ ಯಾಕೆ ಹೇಳ್ಲಿಲ್ಲ ಶಶಿ?"

"ಹೇಳಿದ್ರೆ ಅವರು ಕೊಡ್ತಿರ್ಲಿಲ್ಲ. ಅಷ್ಟು ದೊಡ್ಡವರನ್ನು ಆಡಿನ ಕೊಟ್ಟಿಗೆಗೆ ಹೇಗೆ ಕರೆಯುದು ಅಂತ ಅವರೇ ನಾಚ್ಕೊಂಡು ಸುಮ್ನಾಗ್ತಿದ್ರು."

ಅವಳಿಗೆ ಹೊತ್ತಾಗಿತ್ತು. ಎದ್ದು ಸೀರೆಯ ಸೆರಗು ಸಿಕ್ಕಿಸಿಕೊಂಡು, "ಬನ್ನಿ," ಎಂದಳು. ಅಲ್ಲಿಯ ತನಕ ನಾನು ಆ ಹೋಟೆಲಿನ ಹತ್ತಿರ ಹೋದವನಲ್ಲ. ಹಿಂದಿನ ಓಣಿಯಿಂದ, ತರಕಾರಿ ಬುಟ್ಟಿಗಳನ್ನು ದಾಟಿ, ಅಡುಗೆಮನೆಯ ಬಾಗಿಲಿಗೆ ಕರೆದುಕೊಂಡು ಹೋದಳು. ಒಳಗೆ ಹಬೆ, ಸಾಂಬಾರಿನ ಘಮ, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು. "ನಮ್ಮ ಯಜಮಾನ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಪಾತ್ರೆ ತೊಳೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ಕೆಂಪಾಗಿದ್ದ ಕೈ ಎತ್ತಿ ತೋರಿಸಿ, "ಬಾ ತಮ್ಮ, ಈ ಗೀಸರ್ ಒಂಚೂರು ನೋಡು. ಒಂದು ವಾರದಿಂದ ತಣ್ಣೀರಲ್ಲೇ ತೊಳೀತಿದ್ದೇವೆ," ಎಂದರು.

ಯಾರೋ ಸ್ಕ್ರೂಡ್ರೈವರ್ ತಂದುಕೊಟ್ಟರು. ನಾನು ಒದ್ದೆ ನೆಲದ ಮೇಲೆ ಮಂಡಿಯೂರಿ ಗೀಸರಿನ ಮುಚ್ಚಳ ಬಿಚ್ಚತೊಡಗಿದೆ. ಶಶಿಕಲಾ ನನ್ನ ತಲೆಯ ಮೇಲಿನಿಂದಲೇ ಕಿಟಕಿಗೆ ತಟ್ಟೆಗಳನ್ನು ದಾಟಿಸುತ್ತಿದ್ದಳು. ಮುಖ ಎತ್ತಿ ಅವಳನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಸದ್ಯ, ತಲೆ ತಗ್ಗಿಸಿಕೊಂಡಿರಲು ಒಂದು ಕೆಲಸ ಸಿಕ್ಕಿತ್ತು.